ಸ್ಕಾಟಿಷ್ ಪಾದ್ರಿಗಳು ಕಟ್ಟಿದ ಶಾಲೆಗಳು, ಬಡವರ ಸೀಟು ಮತ್ತು ಸುಪ್ರೀಂ ಕೋರ್ಟಿನ ಹೊಸ ಅನುಮಾನ

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ದೇಶದ ಶಿಕ್ಷಕರ ನಿದ್ದೆ ಕೆಡಿಸಿತು. ಈಗಾಗಲೇ ಕೆಲಸದಲ್ಲಿರುವವರೂ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಲೇಬೇಕು ಅಂತ ಅದರಲ್ಲಿತ್ತು. ಸುದ್ದಿಯಾದದ್ದು ಅದೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಭಾಗವಿದೆ. ಅಲ್ಪಸಂಖ್ಯಾತ ಸಮುದಾಯಗಳು ನಡೆಸುವ ಶಾಲೆಗಳಿಗೆ ಖಾಸಗಿ ಶಾಲೆಗಳ ಕಾಲು ಭಾಗ ಸೀಟನ್ನು ಬಡ ಮಕ್ಕಳಿಗೆ ಕೊಡಿಸುವ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, ಅನ್ವಯಿಸುವುದೇ ಇಲ್ಲ ಎಂದು 2014ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತಲ್ಲ, ಅದು ಸರಿಯೇ ಎಂಬ ಬಗ್ಗೆ ತಮಗೆ ಅನುಮಾನವಿದೆ ಎಂದು ಈ ಇಬ್ಬರು ನ್ಯಾಯಮೂರ್ತಿಗಳು ಬರೆದರು. ದೊಡ್ಡ ಪೀಠ ಇದನ್ನು ಮತ್ತೆ ನೋಡಲಿ ಎಂದು ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿದರು.

ಇದಾಗಿ ಮೂರು ತಿಂಗಳಿಗೆ, ಡಿಸೆಂಬರ್‌ನಲ್ಲಿ, ಅದೇ ಕೋರ್ಟಿನ ಬೇರೊಂದು ಪೀಠದ ಮುಂದೆ ಒಂದು ಸಂಸ್ಥೆ 2014ರ ತೀರ್ಪು ತಪ್ಪು ಎಂದು ಅರ್ಜಿ ಹಾಕಿತು. ಆ ಪೀಠ ಅರ್ಜಿ ವಜಾ ಮಾಡಿದ್ದಷ್ಟೇ ಅಲ್ಲ, 1 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಓದಿದವರು ತಲೆ ಕೆರೆದುಕೊಂಡರು. ಒಂದು ಪೀಠ ಅನುಮಾನ ಪಡುತ್ತದೆ, ಇನ್ನೊಂದು ಪೀಠ ಅದೇ ಅನುಮಾನ ಹೇಳಿದವರಿಗೆ ದಂಡ ಹಾಕುತ್ತದೆ, ಏನಿದು ಅಂತ.

ಉತ್ತರ ಸರಳ. ಸುಪ್ರೀಂ ಕೋರ್ಟಿನ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೇ ಹೊಸ ರಿಟ್ ಅರ್ಜಿ ಹಾಕುವಂತಿಲ್ಲ. ದಂಡ ಬಿದ್ದದ್ದು ದಾರಿ ತಪ್ಪಿದ್ದಕ್ಕೆ. ಮೂಲ ಪ್ರಶ್ನೆ ಹಾಗೇ ಉಳಿದಿದೆ, ದೊಡ್ಡ ಪೀಠಕ್ಕಾಗಿ ಕಾಯುತ್ತಿದೆ.

ಆ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲು ಒಂದು ಒಳ್ಳೆಯ ದಾರಿ ಇದೆ. ಭಾರತದಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳು ಕಟ್ಟಿದ ಶಾಲೆ ಕಾಲೇಜುಗಳ ಕಥೆ ನೋಡಿದರೆ ಸಾಕು. ಕೋಲ್ಕತ್ತದ ಸ್ಕಾಟಿಷ್ ಚರ್ಚ್ ಕಾಲೇಜು, ಮುಂಬೈಯ ವಿಲ್ಸನ್ ಕಾಲೇಜು ಮತ್ತು ಬಾಂಬೆ ಸ್ಕಾಟಿಷ್ ಶಾಲೆ, ಚೆನ್ನೈನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜು, ನಾಗಪುರದ ಹಿಸ್ಲಾಪ್ ಕಾಲೇಜು, ಕಾಲಿಂಪಾಂಗಿನ ಡಾ. ಗ್ರಹಾಂ ಹೋಮ್ಸ್. ಎಲ್ಲ ಹೆಸರಾಂತ ಸಂಸ್ಥೆಗಳೇ. ಆರ್‌ಟಿಇ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು, ಹಾಗಾಗಿ ಕಾಲೇಜುಗಳಿಗೆ ಅದು ನೇರವಾಗಿ ತಟ್ಟುವುದಿಲ್ಲ. ಆದರೆ 'ಈ ಸಂಸ್ಥೆ ಯಾರದ್ದು, ಯಾರಿಗಾಗಿ' ಎಂಬ ಪ್ರಶ್ನೆ ಎರಡಕ್ಕೂ ಒಂದೇ.

ಸ್ಕಾಟ್ಲೆಂಡಿನವರು ಊರೂರಿಗೆ ಶಾಲೆ ಹೊತ್ತು ತಂದದ್ದು ಯಾಕೆ

ಸ್ಕಾಟ್ಲೆಂಡ್ ಚಿಕ್ಕ ದೇಶ. ಆದರೂ ಜಗತ್ತಿನ ಎಲ್ಲಿ ಹೋದರೂ ಅವರ ಶಾಲೆ ಸಿಗುತ್ತದೆ. ಮೆಲ್ಬರ್ನಿನ ಸ್ಕಾಚ್ ಕಾಲೇಜು 1851ರದ್ದು, ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯ 1869ರದ್ದು, ಕೆನಡಾದಲ್ಲಿ ಮೆಕ್‌ಗಿಲ್, ಡಾಲ್‌ಹೌಸಿ, ಕ್ವೀನ್ಸ್ ಮೂರರ ಹಿಂದೆಯೂ ಸ್ಕಾಟರ ಕೈ ಇದೆ.

ಇದಕ್ಕೆ ಕಾರಣ ಅವರ ಊರಿನ ಕಾನೂನಿನಲ್ಲಿದೆ. 1560ರ ಧರ್ಮಸುಧಾರಣೆಯ ನಂತರ ಪ್ರೊಟೆಸ್ಟಂಟ್ ಪಂಥದ ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚು ಒಂದು ಹಟ ಹಿಡಿಯಿತು. ಪ್ರತಿಯೊಬ್ಬರೂ ಬೈಬಲನ್ನು ತಾವೇ ಓದಬೇಕು, ಹಾಗಾಗಿ ಪ್ರತಿ ಊರಿನಲ್ಲೂ ಶಾಲೆ ಇರಬೇಕು. ಹೇಳಿದ ಮಾತ್ರಕ್ಕೆ ಆಗುತ್ತದೆಯೇ, ದುಡ್ಡು ಯಾರು ಕೊಡಬೇಕು? 1696ರ ಕಾಯ್ದೆ ಅದನ್ನೂ ಬಗೆಹರಿಸಿತು. ಪ್ರತಿ ಪ್ಯಾರಿಷ್‌ನಲ್ಲಿ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಶಾಲೆಯ ಕಟ್ಟಡ ಮತ್ತು ಮೇಷ್ಟ್ರ ಸಂಬಳದ ಹೊಣೆಯನ್ನು ಅಲ್ಲಿನ ಜಮೀನ್ದಾರರ ಮೇಲೆ ಹಾಕಿತು. ಉಳ್ಳವರ ದುಡ್ಡಿನಿಂದ ಊರಿನ ಎಲ್ಲ ಮಕ್ಕಳಿಗೂ ಒಂದೇ ಶಾಲೆ. ಕಾಗದದ ಮೇಲಿದ್ದಷ್ಟು ಚೆನ್ನಾಗಿ ಎಲ್ಲ ಕಡೆ ನಡೆಯಲಿಲ್ಲ ನಿಜ, ಹುಡುಗಿಯರಿಗೆ ಜಾಸ್ತಿ ಸಿಗಲಿಲ್ಲ ಎಂಬುದೂ ನಿಜ. ಆದರೂ ಆ ಕಾಲಕ್ಕೆ ಯುರೋಪಿನಲ್ಲಿ ಅದು ಅಪರೂಪದ ವ್ಯವಸ್ಥೆ.

ಈ ವಾತಾವರಣದಲ್ಲಿ ಬೆಳೆದ ಪಾದ್ರಿಗಳೇ ಭಾರತಕ್ಕೆ ಬಂದದ್ದು. 1813ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನದು ಬದಲಾದ ಮೇಲೆ ಮಿಷನರಿಗಳಿಗೆ ಬಾಗಿಲು ತೆರೆಯಿತು. ಅಲೆಕ್ಸಾಂಡರ್ ಡಫ್ 1830ರಲ್ಲಿ ಕಲ್ಕತ್ತದಲ್ಲಿ, ಜಾನ್ ವಿಲ್ಸನ್ 1832ರಲ್ಲಿ ಬೊಂಬಾಯಿಯಲ್ಲಿ, ಜಾನ್ ಆಂಡರ್ಸನ್ 1837ರಲ್ಲಿ ಮದ್ರಾಸಿನಲ್ಲಿ ಶಾಲೆ ತೆರೆದರು. ವಿಲ್ಸನ್ ಅವರ ಪತ್ನಿ ಮಾರ್ಗರೆಟ್ ಅದಕ್ಕೂ ಮುಂಚೆಯೇ ಬೊಂಬಾಯಿಯಲ್ಲಿ ಹುಡುಗಿಯರಿಗೆ ಪಾಠ ಶುರು ಮಾಡಿದ್ದರು.

ಬಾಗಿಲು ಯಾರಿಗೆ ತೆರೆಯಿತು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಇವತ್ತಿನ ಜಗಳದ ಬೇರು ಇಲ್ಲೇ ಇದೆ.

ಡಫ್ ತನ್ನ ಊರಿನ ಪ್ಯಾರಿಷ್ ಶಾಲೆಯನ್ನು ಇದ್ದ ಹಾಗೇ ಕಲ್ಕತ್ತಕ್ಕೆ ತರಲಿಲ್ಲ. ಅವರ ಲೆಕ್ಕ ಬೇರೆ ಇತ್ತು. ಮೇಲ್ಜಾತಿಯ ಬುದ್ಧಿವಂತ ಹುಡುಗರಿಗೆ ಇಂಗ್ಲಿಷಿನಲ್ಲಿ ವಿಜ್ಞಾನ ಮತ್ತು ಬೈಬಲ್ ಎರಡನ್ನೂ ಕಲಿಸಿದರೆ, ಅವರಿಂದ ಅದು ಕೆಳಗಿನವರಿಗೆ ತಾನಾಗಿ ಇಳಿಯುತ್ತದೆ ಎಂದು ನಂಬಿದ್ದರು. ಮೊದಲ ಶಾಲೆಗೆ ಜಾಗ ಕೊಡಿಸಿದ್ದು ರಾಜಾ ರಾಮಮೋಹನ ರಾಯರು. ಚಿತ್ಪುರ ರಸ್ತೆಯಲ್ಲಿ ಬ್ರಹ್ಮ ಸಮಾಜ ಬಳಸುತ್ತಿದ್ದ ಮನೆ ಅದು. ಮೊದಲ ಐದು ಹುಡುಗರನ್ನು ಕರೆತಂದು ಕೂರಿಸಿದ್ದೂ ಅವರೇ. ಮುಂದೆ ಆ ಸಂಸ್ಥೆಯಲ್ಲಿ ವಿವೇಕಾನಂದರು ಓದಿದರು, ಪ್ರೆಸಿಡೆನ್ಸಿ ಕಾಲೇಜಿನಿಂದ ಹೊರಹಾಕಿಸಿಕೊಂಡ ಸುಭಾಷ್ ಚಂದ್ರ ಬೋಸರೂ ಅಲ್ಲಿಗೇ ಬಂದು ಪದವಿ ಪಡೆದರು. ದೇಶಕ್ಕೆ ದೊಡ್ಡ ಲಾಭವಾಯಿತು, ಅನುಮಾನವಿಲ್ಲ. ಆದರೆ ಡಫ್ ಅಂದುಕೊಂಡ ಹಾಗೆ ಶಿಕ್ಷಣ ತಾನಾಗಿ ಕೆಳಗೆ ಇಳಿಯಲಿಲ್ಲ.

ಮದ್ರಾಸಿನಲ್ಲಿ ಆಂಡರ್ಸನ್ ಶಾಲೆಯಲ್ಲಿ ಬೇರೆಯೇ ಆಯಿತು. 1838ರಲ್ಲಿ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪರಯ ಜಾತಿಯ ಇಬ್ಬರು ಹುಡುಗರು ತರಗತಿಗೆ ಬಂದರು. ಮೇಲ್ಜಾತಿಯವರು ಅವರನ್ನು ಹೊರಗೆ ಕಳಿಸಿ ಎಂದು ಪಟ್ಟು ಹಿಡಿದರು. ಆಂಡರ್ಸನ್ ಒಪ್ಪಲಿಲ್ಲ. ಎಷ್ಟೋ ಹುಡುಗರು ಶಾಲೆ ಬಿಟ್ಟು ಹೋದರು, ಹೋಗಲಿ ಅಂದರು. ಆ ಶಾಲೆಯೇ ಬೆಳೆದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಾಯಿತು.

ಪುಣೆಯದ್ದು ಇನ್ನೂ ಮುಖ್ಯ. 1841ರಲ್ಲಿ ಅಲ್ಲಿನ ಸ್ಕಾಟಿಷ್ ಮಿಷನ್ ಶಾಲೆಗೆ ಮಾಲಿ ಜಾತಿಯ ಒಬ್ಬ ಹುಡುಗ ಸೇರಿದ. ನಡುವೆ ಓದು ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚಿದ್ದರು, ಅಕ್ಕಪಕ್ಕದವರು ತಂದೆಯ ಮನವೊಲಿಸಿ ಮತ್ತೆ ಶಾಲೆಗೆ ಕಳಿಸಿದರು. ಆ ಹುಡುಗ ಜೋತಿರಾವ್ ಫುಲೆ. 1882ರಲ್ಲಿ ಶಿಕ್ಷಣದ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಅವರು ಹೇಳಿದ ಮಾತಿನ ತಿರುಳು ಇಷ್ಟು: ರೈತರ ತೆರಿಗೆಯಿಂದ ಬಂದ ಹಣ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ಅದು ಬಡವರ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಬರಬೇಕು. ಡಫ್ ಅವರ ನಂಬಿಕೆಗೆ ಸ್ಕಾಟಿಷ್ ಶಾಲೆಯಲ್ಲೇ ಓದಿದ ಒಬ್ಬರು ಕೊಟ್ಟ ನೇರ ಉತ್ತರ ಅದು.

ಇನ್ನೊಂದು ಸಂಗತಿ. ಸರ್ಕಾರ ದುಡ್ಡು ಕೊಡುತ್ತದೆ, ಖಾಸಗಿಯವರು ನಡೆಸುತ್ತಾರೆ ಎಂಬ 'ಅನುದಾನಿತ ಶಾಲೆ'ಯ ಏರ್ಪಾಡು ನಮ್ಮಲ್ಲಿ ಹುಟ್ಟಿದ್ದೂ ಇದೇ ಕಾಲದಲ್ಲಿ. 1853ರಲ್ಲಿ ಡಫ್ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಭಾರತದ ಶಿಕ್ಷಣದ ಬಗ್ಗೆ ಮಾರನೇ ವರ್ಷ ಬಂದ ವುಡ್ ವರದಿಯಲ್ಲಿ ಅನುದಾನದ ಪದ್ಧತಿ ಬಂತು. ಮಿಷನ್ ಶಾಲೆಗಳು ಬೇಗ ಬೇಗ ಹೆಚ್ಚಿದ್ದು ಅದರ ನಂತರ.

ವಿದೇಶಿ ಪಾದ್ರಿ ಕಟ್ಟಿದ ಶಾಲೆ ನಮ್ಮ ಅಲ್ಪಸಂಖ್ಯಾತರದ್ದು ಹೇಗಾಗುತ್ತದೆ

ಬಹಳ ಜನರಿಗೆ ಇರುವ ಗೊಂದಲ ಇದು. ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮಿಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. ಸ್ಥಾಪಿಸಿ, ನಡೆಸುವ. ಎರಡೂ ಬೇಕು. ಹಾಗಾದರೆ ಎಡಿನ್‌ಬರೋದಿಂದ ಬಂದವರು ಸ್ಥಾಪಿಸಿದ್ದನ್ನು ಭಾರತದ ಕ್ರೈಸ್ತರು ಸ್ಥಾಪಿಸಿದ್ದು ಎನ್ನಬಹುದೇ?

1969ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಪ್ರಶ್ನೆ ಬಂತು. ಶಾಲೆ ಸ್ಕಾಟರದ್ದಲ್ಲ, ಲಂಡನ್ನಿನ ಆಂಗ್ಲಿಕನ್ ಮಿಷನ್ನಿಗೆ ಸೇರಿದ್ದು. ಬಿಹಾರದ ಭಾಗಲ್ಪುರದಲ್ಲಿ 1854ರಲ್ಲಿ ಶುರುವಾದ ಶಾಲೆ. ಹೊರದೇಶದ ಸಂಘದ ಶಾಲೆ ಇದು, 30ನೇ ವಿಧಿ ಸಿಗದು ಎಂದು ಪಟ್ನಾ ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸ್ಥಳೀಯ ಕ್ರೈಸ್ತರು ಸೇರಿ ಕಟ್ಟಿದ ಶಾಲೆಗೆ ಹೊರಗಿನಿಂದ ಹಣ ಬಂದಿರಬಹುದು, ನಡೆಸಿದವರಲ್ಲಿ ಕೆಲವರು ಇಲ್ಲಿ ಹುಟ್ಟಿದವರಲ್ಲದೆ ಇರಬಹುದು, ಅಷ್ಟಕ್ಕೇ ಹಕ್ಕು ಹೋಗುವುದಿಲ್ಲ ಎಂದಿತು. ಸಂವಿಧಾನ ಬರುವ ಮುಂಚೆ ಹುಟ್ಟಿದ ಸಂಸ್ಥೆಗಳಿಗೂ ಈ ರಕ್ಷಣೆ ಇದೆ ಎಂಬುದು ಸ್ಪಷ್ಟವಾಯಿತು.

2024ರ ನವೆಂಬರ್ 8ರಂದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಿಂದ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಕಾನೂನಿನ ಕಾಗದದಲ್ಲಿ ಯಾರ ಹೆಸರಿದೆ ಎಂದಷ್ಟೇ ನೋಡಬೇಡಿ. ಯೋಚನೆ ಯಾರ ತಲೆಯಲ್ಲಿ ಹುಟ್ಟಿತು, ದುಡ್ಡು ಯಾರು ಹಾಕಿದರು, ಯಾರ ಒಳಿತಿಗಾಗಿ ಕಟ್ಟಿದರು, ನಡೆಸುವ ರೀತಿ ಹೇಗಿದೆ, ಇವೆಲ್ಲವನ್ನೂ ನೋಡಿ ಎಂದಿತು. ಅಲಿಗಢದ ಸ್ಥಾನಮಾನವನ್ನು ಈ ಅಳತೆಗೋಲಿನ ಮೇಲೆ ಬೇರೆ ಪೀಠ ತೀರ್ಮಾನಿಸಲಿ ಎಂದು ಬಿಟ್ಟಿತು.

ಸ್ಕಾಟಿಷ್ ಸಂಸ್ಥೆಗಳ ವಿಷಯದಲ್ಲಿ ಮಾಲೀಕತ್ವದ ದಾರಿ ಹೆಚ್ಚು ಗೋಜಲಿಲ್ಲದ್ದು. ಬೇರೆ ಬೇರೆ ಪ್ರೊಟೆಸ್ಟಂಟ್ ಚರ್ಚುಗಳು ಒಂದಾಗಿ 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್ಐ), 1970ರಲ್ಲಿ ಉತ್ತರ ಭಾರತ ಸಭೆ (ಸಿಎನ್ಐ) ಹುಟ್ಟಿದವು. ಹಳೆಯ ಮಿಷನ್ನುಗಳ ಆಸ್ತಿ, ಸಂಸ್ಥೆಗಳು ಬಹುಪಾಲು ಭಾರತೀಯ ಕ್ರೈಸ್ತರ ಸಭೆ, ಟ್ರಸ್ಟು, ಸೊಸೈಟಿಗಳ ಕೈಗೆ ಬಂದವು. ಹಾಗಾಗಿ 'ಇವು ಬ್ರಿಟಿಷರ ಶಾಲೆ' ಎಂಬ ಮಾತಿಗೆ ಈಗ ಅರ್ಥವಿಲ್ಲ.

ಆರ್‌ಟಿಇಯಿಂದ ಹೊರಗೆ ಹೋದದ್ದು ಹೇಗೆ

ಆರ್‌ಟಿಇ ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ಕನಿಷ್ಠ 25% ಸೀಟನ್ನು ಅಕ್ಕಪಕ್ಕದ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕು, ಸರ್ಕಾರ ಆ ಹಣ ಮರಳಿಸುತ್ತದೆ. ಇದು ಅದರ 12(1)(ಸಿ) ಕಲಮು.

2012ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಸರ್ಕಾರದ ದುಡ್ಡು ಪಡೆಯುವ ಅಲ್ಪಸಂಖ್ಯಾತ ಶಾಲೆಗಳು ಕಾಯ್ದೆಯ ಒಳಗೇ ಇದ್ದವು.

2014ರ ಮೇ 6ರಂದು, ಮೊದಲೇ ಹೇಳಿದ ಐವರು ನ್ಯಾಯಮೂರ್ತಿಗಳ ಪೀಠದಿಂದ ಪ್ರಮತಿ ಪ್ರಕರಣದ ತೀರ್ಪು ಬಂತು. ಅನುದಾನ ಪಡೆಯಲಿ, ಬಿಡಲಿ, ಯಾವ ಅಲ್ಪಸಂಖ್ಯಾತ ಶಾಲೆಗೂ ಆರ್‌ಟಿಇ ಅನ್ವಯಿಸದು ಎಂದಿತು. 25% ಸೀಟಿನ ನಿಯಮವಷ್ಟೇ ಅಲ್ಲ, ಇಡೀ ಕಾಯ್ದೆಯೇ. ಮೂಲ ಸೌಕರ್ಯ, ಶಿಕ್ಷಕರ ಅರ್ಹತೆ, ಮಗುವನ್ನು ಹೊಡೆಯಬಾರದು ಎಂಬ ಕಲಮು, ಪ್ರವೇಶಕ್ಕೆ ಮಗುವಿನ ಪರೀಕ್ಷೆ ಮಾಡಬಾರದು ಎಂಬ ಕಲಮು, ಎಲ್ಲವೂ ಈ ಕಾಯ್ದೆಯಲ್ಲೇ ಇರುವಂಥವು. ಒಂದು ಕಲಮಿನಿಂದ ತೊಂದರೆ ಎಂದು ಕಾಯ್ದೆ ಪೂರ್ತಿ ಪಕ್ಕಕ್ಕೆ ಹೋಯಿತು. 2025ರ ಪೀಠಕ್ಕೆ ಬಂದಿರುವ ಅನುಮಾನ ಇಲ್ಲಿಯದೇ. 25% ಮಕ್ಕಳು ಬಂದರೆ ಒಂದು ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪ ನಾಶವಾಗುತ್ತದೆಯೇ ಎಂಬುದನ್ನು ಪ್ರಮತಿ ತೀರ್ಪು ಸರಿಯಾಗಿ ಬಿಡಿಸಿ ನೋಡಲಿಲ್ಲ ಎಂಬುದು ಅದರ ಮಾತು.

ಸಂಸ್ಥೆಗಳ ಮಾತಿನಲ್ಲಿ ಹುರುಳಿದೆ

ಅಲ್ಪಸಂಖ್ಯಾತ ಸಂಸ್ಥೆಗಳ ಭಯವನ್ನು ಸುಮ್ನೆ ನೆಪ ಎಂದು ತಳ್ಳಿಹಾಕುವುದು ಅನ್ಯಾಯ. ಇವತ್ತು ಮಕ್ಕಳನ್ನು ಸರ್ಕಾರ ಲಾಟರಿಯಲ್ಲಿ ಆರಿಸುತ್ತದೆ, ನಾಳೆ ಮೇಷ್ಟ್ರನ್ನು ಆರಿಸುತ್ತದೆ, ನಾಡಿದ್ದು ಆಡಳಿತ ಮಂಡಳಿಯನ್ನು. ಹೀಗೆ ಒಂದೊಂದೇ ಹೆಜ್ಜೆಯಲ್ಲಿ ಸಂಸ್ಥೆ ಕೈತಪ್ಪುತ್ತದೆ ಎಂಬುದು ಅವರ ವಾದ.

ಅದು ಬರೀ ಊಹೆಯಲ್ಲ ಎನ್ನಲು ದಕ್ಷಿಣ ಆಫ್ರಿಕಾದ ಲವ್‌ಡೇಲ್ ಸಾಕ್ಷಿ. ಗ್ಲಾಸ್ಗೋ ಮಿಷನ್ನಿನವರು ಕಟ್ಟಿದ ಈ ಸಂಸ್ಥೆ 1841ರಲ್ಲಿ ಶುರುವಾದಾಗ 11 ಕಪ್ಪು ಮತ್ತು 9 ಬಿಳಿ ವಿದ್ಯಾರ್ಥಿಗಳು ಅಲ್ಲಿ ಒಟ್ಟಿಗೆ ಇದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಆಫ್ರಿಕನ್ ನಾಯಕರನ್ನು ಬೆಳೆಸಿತು. 1953ರಲ್ಲಿ ವರ್ಣಭೇದದ ಸರ್ಕಾರ ಬಾಂಟು ಶಿಕ್ಷಣ ಕಾಯ್ದೆ ತಂದು, ಕಪ್ಪು ಮಕ್ಕಳ ಮಿಷನ್ ಶಾಲೆಗಳನ್ನು ತನ್ನ ಕೈಗೆ ತೆಗೆದುಕೊಂಡಿತು. ಕಪ್ಪು ಮಕ್ಕಳಿಗೆ ಕೂಲಿ ಕೆಲಸಕ್ಕೆ ಬೇಕಾದಷ್ಟೇ ಕಲಿಸಬೇಕು ಎಂಬುದು ಆ ನೀತಿಯ ಒಳಗುಟ್ಟು. ಲವ್‌ಡೇಲಿನಂಥ ಸಂಸ್ಥೆಯ ಜೀವವೇ ಹೋಯಿತು. ಅಲ್ಲಿ 30ನೇ ವಿಧಿಯಂಥದ್ದು ಇದ್ದಿದ್ದರೆ ಸರ್ಕಾರಕ್ಕೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಇನ್ನೂ ಎರಡು ಮಾತು ಅವರ ಪರವಾಗಿ ಹೇಳಬೇಕು. ಸರ್ಕಾರ ಮರಳಿಸುವ ಹಣ ತಡವಾಗಿ ಬರುತ್ತದೆ, ನಿಜವಾದ ಖರ್ಚಿಗಿಂತ ಕಡಿಮೆ ಬರುತ್ತದೆ ಎಂಬ ದೂರು ಎಲ್ಲ ಖಾಸಗಿ ಶಾಲೆಗಳದ್ದೂ ಇದೆ. ಮತ್ತೆ, ಅಲ್ಪಸಂಖ್ಯಾತ ಶಾಲೆ ಅಂದ ಕೂಡಲೇ ಸಮುದ್ರದ ದಂಡೆಯ ಗೋಥಿಕ್ ಕಟ್ಟಡ ಕಣ್ಣಿಗೆ ಕಟ್ಟಿಕೊಂಡರೆ ತಪ್ಪು. ಗುಡ್ಡಗಾಡಿನಲ್ಲಿ, ಕೇರಿಗಳಲ್ಲಿ ಬಡ ಮಕ್ಕಳಿಗೇ ಅಂತ ನಡೆಯುವ ಚರ್ಚ್ ಶಾಲೆಗಳು, ಮುಸ್ಲಿಂ ಶಾಲೆಗಳು ಸಾಕಷ್ಟಿವೆ. ಕಾಯ್ದೆಯ ಮೂಲ ಸೌಕರ್ಯದ ಪಟ್ಟಿಯನ್ನು ಅವುಗಳ ಮೇಲೆ ಏಕಾಏಕಿ ಹೇರಿದರೆ ಕೆಲವು ಮುಚ್ಚಿಯೇ ಹೋಗಬಹುದು.

ಆದರೆ ಲೆಕ್ಕ ಬೇರೆ ಹೇಳುತ್ತದೆ

ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2021ರಲ್ಲಿ ಒಂದು ವರದಿ ಕೊಟ್ಟಿತು. ಧಾರ್ಮಿಕ ಅಲ್ಪಸಂಖ್ಯಾತ ಶಾಲೆಗಳಲ್ಲಿ ಓದುವವರಲ್ಲಿ 62.5% ಮಕ್ಕಳು ಅಲ್ಪಸಂಖ್ಯಾತರೇ ಅಲ್ಲ ಎಂದು ಅದರಲ್ಲಿದೆ. ಕ್ರೈಸ್ತ ಶಾಲೆಗಳಲ್ಲಿ ಇದು 74%. ಒಟ್ಟು ಮಕ್ಕಳಲ್ಲಿ ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರು 8.76% ಮಾತ್ರ.

ಬೇರೆ ಧರ್ಮದ ಮಕ್ಕಳನ್ನು ಸೇರಿಸಿಕೊಳ್ಳುವುದು ತಪ್ಪಲ್ಲ. 1958ರ ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಹೊರಗಿನ ಕೆಲವರನ್ನು ಸೇರಿಸಿಕೊಂಡ ಮಾತ್ರಕ್ಕೆ ಅಲ್ಪಸಂಖ್ಯಾತ ಸ್ವರೂಪ ಹೋಗದು ಅಂತ. ಸ್ಕಾಟಿಷ್ ಸಂಸ್ಥೆಗಳು ಮೊದಲ ದಿನದಿಂದಲೂ ಹಿಂದೂ, ಮುಸ್ಲಿಂ, ಪಾರ್ಸಿ ಮಕ್ಕಳಿಗೆ ಕಲಿಸುತ್ತಲೇ ಬಂದಿವೆ, ಅದು ಅವುಗಳ ಹೆಗ್ಗಳಿಕೆ.

ಆದರೆ ಈ 74% ಅಂಕಿಯನ್ನು ವಿನಾಯಿತಿಯ ವಾದದ ಪಕ್ಕದಲ್ಲಿಟ್ಟು ನೋಡಿ. ನಾಲ್ವರಲ್ಲಿ ಮೂವರು ಮಕ್ಕಳು ಹೊರಗಿನವರೇ ಇರುವಾಗ ಶಾಲೆಯ ಸ್ವರೂಪಕ್ಕೆ ಏನೂ ಆಗಿಲ್ಲ. ಆ ಮೂವರೂ ಶುಲ್ಕ ಕಟ್ಟುವವರು ಅಂದುಕೊಳ್ಳಿ. ಅವರಲ್ಲಿ ಒಬ್ಬರ ಜಾಗಕ್ಕೆ ಶುಲ್ಕ ಕಟ್ಟಲಾಗದ ಮನೆಯ ಮಗು ಬಂದರೆ ಸ್ವರೂಪ ಕೆಟ್ಟುಹೋಗುತ್ತದೆ ಎನ್ನುವುದು ಹೇಗೆ ಸಾಧ್ಯ? ಇಲ್ಲಿ ಬದಲಾಗುವುದು ಮಗುವಿನ ಮನೆಯ ಆದಾಯವೇ ಹೊರತು ಶಾಲೆಯ ಧರ್ಮವಲ್ಲ. ಇದಕ್ಕೆ ನೇರವಾದ ಉತ್ತರ ವಿನಾಯಿತಿ ಕೇಳುವವರಿಂದ ಬಂದಿಲ್ಲ, ಅಲ್ವಾ?

ಬಾಂಬೆ ಸ್ಕಾಟಿಷ್ ಶಾಲೆಯನ್ನು ಇವತ್ತು ನಡೆಸುವ ಸೊಸೈಟಿಯ ಹೆಸರಿನಲ್ಲಿ 'ಆರ್ಫನೇಜ್' ಎಂಬ ಪದ ಇನ್ನೂ ಇದೆ. 1847ರಲ್ಲಿ ಅನಾಥ ಮಕ್ಕಳಿಗಾಗಿ ಶುರುವಾದದ್ದು ಅದು. ಈಗ ನಗರದ ಬೇಡಿಕೆಯ ಶಾಲೆಗಳಲ್ಲೊಂದು. ಕಾಲಿಂಪಾಂಗಿನಲ್ಲಿ ಜಾನ್ ಆಂಡರ್ಸನ್ ಗ್ರಹಾಂ 1900ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಆರು ಮಕ್ಕಳನ್ನು ಇಟ್ಟುಕೊಂಡು ಶುರು ಮಾಡಿದರು. ಚಹಾ ತೋಟದ ಬಿಳಿ ಮಾಲೀಕರಿಗೂ ಅಲ್ಲಿನ ಹೆಂಗಸರಿಗೂ ಹುಟ್ಟಿ, ಯಾರಿಗೂ ಬೇಡವಾದ ಮಕ್ಕಳು ಅವರು. ಯಾರಿಗೂ ಬೇಡವಾದವರನ್ನು ಒಳಗೆ ಕರೆದುಕೊಳ್ಳುವುದೇ ಈ ಸಂಸ್ಥೆಗಳ ಹುಟ್ಟಿನ ಕಾರಣ. ಈ ಪರಂಪರೆಯ ಹೆಸರಿನಲ್ಲಿ ಬಡ ಮಗುವನ್ನು ಹೊರಗಿಡುವ ವಿನಾಯಿತಿಯನ್ನು ಕಾಪಾಡಿಕೊಳ್ಳುವುದು ಸರಿ ಅನ್ನಿಸುವುದಿಲ್ಲ.

ಸ್ಕಾಟ್ಲೆಂಡ್ ತನ್ನ ಊರಿನಲ್ಲಿ ಇದನ್ನು ಹೇಗೆ ಬಗೆಹರಿಸಿತು

ನಮ್ಮ ಚರ್ಚೆಯಲ್ಲಿ ಯಾರೂ ಎತ್ತದ ಉದಾಹರಣೆ ಇದು. 1872ರ ಕಾಯ್ದೆಯಿಂದ ಸ್ಕಾಟ್ಲೆಂಡಿನ ಪ್ಯಾರಿಷ್ ಶಾಲೆಗಳು ಜನ ಆರಿಸಿದ ಶಾಲಾ ಮಂಡಳಿಗಳ ಕೈಗೆ ಹೋದವು. ಆದರೆ ಅಲ್ಲಿನ ಕ್ಯಾಥೊಲಿಕರು ಅಲ್ಪಸಂಖ್ಯಾತರು. ಬಹುಪಾಲು ಐರ್ಲೆಂಡಿನಿಂದ ಕೂಲಿಗೆ ಬಂದ ಬಡವರು. ಪ್ರೆಸ್ಬಿಟೇರಿಯನ್ನರ ಹಿಡಿತದ ಮಂಡಳಿಗೆ ತಮ್ಮ ಶಾಲೆ ಕೊಡಲು ಅವರಿಗೆ ಭಯ. ಕೊಡಲಿಲ್ಲ. ತಮ್ಮ ಬಡತನದಲ್ಲೇ ಬೇರೆ ಶಾಲೆ ನಡೆಸಿದರು. ಮೇಷ್ಟ್ರುಗಳಿಗೆ ಸರಿಯಾದ ಸಂಬಳವಿಲ್ಲ, ಕಟ್ಟಡ ಸರಿಯಿಲ್ಲ.

1918ರಲ್ಲಿ ಒಂದು ಒಪ್ಪಂದವಾಯಿತು, ಅದು ಕಾಯ್ದೆಯಾಗಿ ಬಂತು. ಶಾಲೆಗಳು ಸರ್ಕಾರಿ ವ್ಯವಸ್ಥೆಯ ಒಳಗೆ ಬಂದವು, ಖರ್ಚು ಪೂರ್ತಿ ಸರ್ಕಾರದ್ದಾಯಿತು. ಅದಕ್ಕೆ ಬದಲಾಗಿ, ಶಿಕ್ಷಕರ ನಂಬಿಕೆ ಮತ್ತು ನಡತೆಗೆ ಚರ್ಚಿನ ಒಪ್ಪಿಗೆ ಬೇಕು, ಧರ್ಮದ ಪಾಠ ಮೊದಲಿನಂತೆಯೇ ಇರುತ್ತದೆ ಎಂದು ಕಾನೂನಿನಲ್ಲೇ ಬರೆದುಕೊಟ್ಟರು. ನೂರು ವರ್ಷ ದಾಟಿದೆ. ಆ ಶಾಲೆಗಳು ಇವತ್ತಿಗೂ ಕ್ಯಾಥೊಲಿಕ್ ಶಾಲೆಗಳೇ. ಶುಲ್ಕವಿಲ್ಲ, ಬೇರೆ ಧರ್ಮದ ಮಕ್ಕಳೂ ಓದುತ್ತಾರೆ. ಟೀಕೆ ಇಲ್ಲವೆಂದಲ್ಲ, ಧರ್ಮದ ಶಾಲೆಗೆ ಸರ್ಕಾರದ ದುಡ್ಡೇಕೆ ಎಂದು ಕೇಳುವವರು ಅಲ್ಲೂ ಇದ್ದಾರೆ. ಆದರೆ ಸ್ವರೂಪವೂ ಉಳಿಯಬಹುದು, ಬಾಗಿಲೂ ತೆರೆದಿರಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಒಂದು ಷರತ್ತು ಮಾತ್ರ ಇದೆ: ಸರ್ಕಾರ ಯಾವುದಕ್ಕೆ ಕೈ ಹಾಕುವುದಿಲ್ಲ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿ ಇರಬೇಕು.

ಉಳ್ಳವರ ಖಾಸಗಿ ಶಾಲೆಗಳ ವಿಷಯದಲ್ಲೂ ಅಲ್ಲಿ ಬಿಗಿ ಹೆಚ್ಚಾಗಿದೆ. ದತ್ತಿ ಸಂಸ್ಥೆ ಎಂದು ಸಿಗುತ್ತಿದ್ದ ಕಟ್ಟಡ ತೆರಿಗೆಯ ರಿಯಾಯಿತಿಯನ್ನು ಸ್ಕಾಟ್ಲೆಂಡ್ 2022ರ ಏಪ್ರಿಲ್‌ನಿಂದ ತೆಗೆಯಿತು. 2025ರ ಜನವರಿಯಿಂದ ಇಡೀ ಬ್ರಿಟನ್ನಿನಲ್ಲಿ ಖಾಸಗಿ ಶಾಲೆಯ ಶುಲ್ಕದ ಮೇಲೆ 20% ವ್ಯಾಟ್ ಬಿದ್ದಿದೆ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿರುವುದು ಆಸ್ಟ್ರೇಲಿಯಾ. ಅಲ್ಲಿ ಎಷ್ಟೇ ಶ್ರೀಮಂತರ ಶಾಲೆಯಾದರೂ ಪ್ರತಿ ವಿದ್ಯಾರ್ಥಿಗೆ ಲೆಕ್ಕ ಹಾಕುವ ಮೂಲ ಮೊತ್ತದ ಕನಿಷ್ಠ 20% ಸರ್ಕಾರದಿಂದ ಸಿಗುತ್ತದೆ. ಸಿಡ್ನಿಯ ಸ್ಕಾಟ್ಸ್ ಕಾಲೇಜು ತನ್ನ ಹಳೆಯ ಗ್ರಂಥಾಲಯವನ್ನು ಸ್ಕಾಟಿಷ್ ಕೋಟೆಯ ಆಕಾರಕ್ಕೆ ಬದಲಿಸಿತು. 2.9 ಕೋಟಿ ಡಾಲರ್ ಅಂದಾಜಿನಲ್ಲಿ ಶುರುವಾದ ಕೆಲಸದ ಖರ್ಚು ಸುಮಾರು ಎರಡು ಪಟ್ಟಾಯಿತು ಎಂಬ ವರದಿ ಬಂದಾಗ ದೊಡ್ಡ ಚರ್ಚೆಯೇ ಎದ್ದಿತು. ಕಟ್ಟಡಕ್ಕೆ ಸರ್ಕಾರದ ದುಡ್ಡು ಹಾಕಿಲ್ಲ ಎಂಬ ಸಮಜಾಯಿಷಿ ಬಂತು. ಜನ ಕೇಳಿದ್ದು ಬೇರೆ. ಕೋಟೆ ಕಟ್ಟುವಷ್ಟು ಇರುವವರಿಗೆ ವರ್ಷ ವರ್ಷದ ಅನುದಾನ ಯಾಕೆ ಬೇಕು, ಪಕ್ಕದ ಸರ್ಕಾರಿ ಶಾಲೆಗೆ ನಿಗದಿಯಾದ ಮೊತ್ತ ಪೂರ್ತಿ ಯಾಕೆ ಸಿಗುತ್ತಿಲ್ಲ ಅಂತ.

ಕರ್ನಾಟಕದಲ್ಲಿ ಇದರ ಪರಿಣಾಮ

ನಮ್ಮ ಹಳೆಯ ಮಿಷನ್ ಶಾಲೆಗಳು ಹೆಚ್ಚಾಗಿ ಬಾಸೆಲ್, ವೆಸ್ಲಿಯನ್, ಲಂಡನ್ ಮಿಷನ್, ಜೆಸ್ಯೂಟರದ್ದು. ಸ್ಕಾಟರದ್ದು ಕಡಿಮೆ. ಆದರೆ ಕಾನೂನು ಎಲ್ಲರಿಗೂ ಒಂದೇ. ಈ ಕಾನೂನಿನ ಬಹು ಮುಖ್ಯ ತೀರ್ಪು ಬಂದದ್ದೂ ನಮ್ಮ ಪ್ರಕರಣದಲ್ಲೇ: 2002ರ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ದಾವೆ, 11 ನ್ಯಾಯಮೂರ್ತಿಗಳ ಪೀಠ. ಯಾರು ಅಲ್ಪಸಂಖ್ಯಾತರು ಎಂಬುದನ್ನು ದೇಶದ ಲೆಕ್ಕದಲ್ಲಲ್ಲ, ರಾಜ್ಯದ ಲೆಕ್ಕದಲ್ಲಿ ನೋಡಬೇಕು ಎಂದು ತೀರ್ಮಾನವಾದದ್ದು ಅಲ್ಲಿ. ಹಾಗಾಗಿಯೇ ಕರ್ನಾಟಕದಲ್ಲಿ ತಮಿಳು, ತೆಲುಗು, ಮರಾಠಿ, ಹಿಂದಿ ಮಾತಾಡುವವರ ಸಂಸ್ಥೆಗಳಿಗೂ ಭಾಷಾ ಅಲ್ಪಸಂಖ್ಯಾತ ಸ್ಥಾನ ಸಿಗುತ್ತದೆ, ಮುಂಬೈಯ ಕನ್ನಡ ಶಾಲೆಗಳಿಗೆ ಅಲ್ಲಿ ಸಿಗುವ ಹಾಗೆ.

ಆರ್‌ಟಿಇ ಬಂದ ಮೇಲೆ ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕೆ ಬೇಡಿಕೆ ಹೆಚ್ಚಿದ್ದು ಬೆಂಗಳೂರಿನ ಪಾಲಕರಿಗೆ ನೆನಪಿರಬಹುದು. ಕಾರಣ ಊಹಿಸಲು ಕಷ್ಟವಿಲ್ಲ. ಒಂದು ಪ್ರಮಾಣಪತ್ರದಿಂದ ಇಡೀ ಕಾಯ್ದೆಯಿಂದ ಬಿಡುಗಡೆ ಸಿಗುತ್ತದೆ ಎಂದಾದರೆ, ಸಮುದಾಯದ ಸೇವೆಯ ಯೋಚನೆಯೇ ಇಲ್ಲದವರೂ ಅರ್ಜಿ ಹಾಕುತ್ತಾರೆ. ನಿಜವಾಗಿ ತಮ್ಮ ಸಮುದಾಯಕ್ಕೆ ದುಡಿಯುವ ಸಂಸ್ಥೆಗಳ ಹೆಸರೂ ಅದರಿಂದ ಕೆಡುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. 2019-20ರಿಂದ ಕರ್ನಾಟಕ ತನ್ನ ನಿಯಮವನ್ನೇ ಬದಲಿಸಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಸಿಗದು. ಸೀಟುಗಳು ದಿಢೀರ್ ಇಳಿದವು. ಹಾಗಾಗಿ ಪ್ರಮತಿ ತೀರ್ಪು ನಾಳೆ ಬದಲಾದರೂ ನಮ್ಮ ನಗರಗಳಲ್ಲಿ ಸೀಟುಗಳ ಹೊಳೆ ಹರಿಯುವುದಿಲ್ಲ. ಸುಪ್ರೀಂ ಕೋರ್ಟ್ ಒಂದು ಬಾಗಿಲು ತೆರೆದರೂ ರಾಜ್ಯ ತಾನೇ ಹಾಕಿಕೊಂಡ ಚಿಲಕ ಹಾಗೇ ಇರುತ್ತದೆ.

ದೊಡ್ಡ ಪೀಠದ ಮುಂದಿರುವ ದಾರಿಗಳು

ಒಂದು, ಪ್ರಮತಿ ತೀರ್ಪು ಸರಿ ಎನ್ನುವುದು. ಆಗ ಏನೂ ಬದಲಾಗದು, ಪ್ರಮಾಣಪತ್ರದ ಓಟ ಮುಂದುವರಿಯುತ್ತದೆ. ಎರಡು, ಪೂರ್ತಿ ರದ್ದು ಮಾಡುವುದು. ಆಗ ದೊಡ್ಡ ನಗರದ ಶಾಲೆಗೂ ಕೇರಿಯ ಚಿಕ್ಕ ಶಾಲೆಗೂ ಒಂದೇ ನಿಯಮ ಬೀಳುತ್ತದೆ, ಪೆಟ್ಟು ತಿನ್ನುವುದು ಚಿಕ್ಕವೇ.

ಮೂರನೆಯದು ಮಧ್ಯದ ದಾರಿ. 2025ರ ಪೀಠವೇ ಅದರ ಸುಳಿವು ಕೊಟ್ಟಿದೆ. 25% ಸೀಟನ್ನು ಅದೇ ಅಲ್ಪಸಂಖ್ಯಾತ ಸಮುದಾಯದ ಬಡ ಮಕ್ಕಳಿಗೆ ಕೊಡುವ ಹಾಗೆ 12(1)(ಸಿ) ಕಲಮನ್ನು ಓದಬಹುದೇ ಎಂದು ಕೇಳಿದೆ. ಹಾಗಾದರೆ ಕ್ರೈಸ್ತ ಶಾಲೆಯಲ್ಲಿ ಬಡ ದಲಿತ ಕ್ರೈಸ್ತರ ಮಗು, ಮುಸ್ಲಿಂ ಶಾಲೆಯಲ್ಲಿ ಬೀಡಿ ಕಟ್ಟುವವರ ಮಗು ಕೂರುತ್ತದೆ. ಇದರಿಂದ ಸ್ವರೂಪ ಕೆಡುವುದಿರಲಿ, ಗಟ್ಟಿಯಾಗುತ್ತದೆ. ಸಂಸ್ಥೆಗಳು ಬೇಡ ಎನ್ನಲು ಕಾರಣ ಸಿಗುವುದಿಲ್ಲ. ಇದು ಒಳ್ಳೆಯ ಆರಂಭ. ಆದರೆ ಅಷ್ಟೇ ಸಾಲದು. ಆ ಪ್ರದೇಶದಲ್ಲಿ ಅಷ್ಟು ಮಕ್ಕಳು ಸಿಗದಿದ್ದರೆ ಉಳಿದ ಸೀಟು ಶುಲ್ಕ ಕಟ್ಟುವವರಿಗೆ ಹೋಗದೆ, ಅಕ್ಕಪಕ್ಕದ ಬೇರೆ ಬಡ ಮಕ್ಕಳಿಗೆ ಹೋಗಬೇಕು. ಶಿಕ್ಷಕರ ನೇಮಕ, ಧರ್ಮದ ಪಾಠ, ಆಡಳಿತ ಮಂಡಳಿ ಈ ಮೂರಕ್ಕೆ ಸರ್ಕಾರ ಕೈ ಹಾಕುವುದಿಲ್ಲ ಎಂಬುದೂ ಅದೇ ತೀರ್ಪಿನಲ್ಲಿ ಬರಬೇಕು. ಲವ್‌ಡೇಲಿನ ಭಯಕ್ಕೂ ಉತ್ತರ ಸಿಗುತ್ತದೆ, ಹೊರಗೆ ನಿಂತ ಮಗುವಿಗೂ ಜಾಗ ಸಿಗುತ್ತದೆ.

ಸದ್ಯಕ್ಕೆ ಏನು

ದೊಡ್ಡ ಪೀಠ ಬೇರೆ ಹೇಳುವವರೆಗೆ 2014ರ ತೀರ್ಪೇ ಕಾನೂನು. ಆರ್‌ಟಿಇ ಅರ್ಜಿ ಹಾಕುವಾಗ ಪಟ್ಟಿಯಲ್ಲಿ ಅಲ್ಪಸಂಖ್ಯಾತ ಶಾಲೆಗಳು ಕಾಣದಿದ್ದರೆ ಅದು ಇಲಾಖೆಯ ತಪ್ಪಲ್ಲ. ಬೇರೆ ಶಾಲೆಗಳ ಶಿಕ್ಷಕರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ತೀರ್ಪಿನ ದಿನದಿಂದ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದು ಸೆಪ್ಟೆಂಬರ್ ತೀರ್ಪು ಹೇಳಿದೆ. ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರಿಗೆ ಇದು ಅನ್ವಯಿಸುತ್ತದೆಯೇ ಎಂಬುದು ದೊಡ್ಡ ಪೀಠದ ಉತ್ತರದ ಮೇಲೆ ನಿಂತಿದೆ.

ಶಾಲೆಗಳ ಆಡಳಿತ ಮಂಡಳಿಗಳು ಮಾತ್ರ ಅಲ್ಲಿಯವರೆಗೆ ಕಾಯಲೇಬೇಕು ಎಂದೇನಿಲ್ಲ. 30ನೇ ವಿಧಿ ಸರ್ಕಾರವನ್ನು ದೂರ ಇಡುತ್ತದೆ, ಬಡ ಮಕ್ಕಳನ್ನು ದೂರ ಇಡಿ ಎಂದು ಎಲ್ಲೂ ಹೇಳುವುದಿಲ್ಲ. ಒಂದನೇ ತರಗತಿಯ ಕಾಲು ಭಾಗ ಸೀಟನ್ನು ತಾವೇ ಮೀಸಲಿಟ್ಟು, ಯಾರಿಗೆ ಕೊಟ್ಟೆವು ಎಂಬ ಲೆಕ್ಕವನ್ನು ಪ್ರತಿ ವರ್ಷ ನೋಟಿಸ್ ಬೋರ್ಡಿನಲ್ಲಿ ಹಾಕಲು ಯಾವ ಕೋರ್ಟಿನ ಅಪ್ಪಣೆಯೂ ಬೇಕಿಲ್ಲ.